‘ಸರಿಹೋಗ್ದಿದ್ರೆ ಯಾರ ಹತ್ರ ಹೇಳ್ಲಿ?’

ಅಕ್ಟೋಬರ್ ಬಂತೆಂದರೆ ಗುಲಾಬಿ ರಿಬ್ಬನ್ನಿನ ಜೊತೆಗೆ ಕಾಗದಗಳೂ ಬರುತ್ತವೆ. ಸ್ತನ ಕ್ಯಾನ್ಸರ್ ಇರುವವರಿಗೆ ಭರವಸೆಯ ನಾಲ್ಕು ಮಾತು ಬರೆಯಲು ಕಾಲೇಜು ಮಕ್ಕಳು, ಮಹಿಳಾ ಸಮಾಜದವರು, ನೆಂಟರು ಎಲ್ಲರೂ ಕೂರುತ್ತಾರೆ. ಬರೆಯುವವರ ಮನಸ್ಸು ಒಳ್ಳೆಯದೇ. ಆದರೆ ಓದಿದವರು ಕಾಗದ ಮಡಚಿಟ್ಟು, ಬರೆದವರ ಜೊತೆ ಮಾತನ್ನೇ ನಿಲ್ಲಿಸುವುದು ಆಪ್ತಸಲಹೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಈ ಪ್ರಕರಣವೂ ಅಂಥದ್ದೇ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅಕ್ಕನಿಗೆ 46 ವರ್ಷ. ಶಸ್ತ್ರಚಿಕಿತ್ಸೆ ಮುಗಿದು ಕೀಮೊ ನಡೆಯುತ್ತಿತ್ತು: 21 ದಿನಕ್ಕೊಂದರಂತೆ ನಾಲ್ಕು ಸಲ, ಬಣ್ಣದಿಂದಾಗಿ ‘ಕೆಂಪು ಔಷಧಿ’ ಎಂದು ಕರೆಯುವ ಕೀಮೊ, ಆಮೇಲೆ ವಾರಕ್ಕೊಂದರಂತೆ 12 ಸಲ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೊ ಔಷಧಿ. ಬೇರೆ ಊರಲ್ಲಿದ್ದ ತಂಗಿ, ಎರಡನೆಯ ಕೀಮೊ ಆದ ವಾರ, ನಾಲ್ಕು ಪುಟದ ಕಾಗದ ಬರೆದರು. ಅಲ್ಲಿಂದಾಚೆ ಅಕ್ಕ ಫೋನ್ ಎತ್ತಲಿಲ್ಲ. ಮೂರನೆಯ ಕೀಮೊ ಕಳೆದ ಮೇಲೆ ಇಬ್ಬರೂ ಒಟ್ಟಿಗೆ ಬಂದು ಕೂತರು.

ಕಾಗದವನ್ನು ತಂಗಿಯೇ ಓದಿದರು. ‘ನೀನು ಹುಲಿ ಇದ್ದಂಗೆ. ಧೈರ್ಯಾನೇ ಅರ್ಧ ಔಷಧಿ. ಎಲ್ಲ ಸರಿಹೋಗತ್ತೆ.’ ಅಷ್ಟಕ್ಕೇ ಅಕ್ಕ ತಡೆದರು.

“ಸರಿಹೋಗತ್ತೆ ಅಂತ ನೀನೇ ಬರ್ದಾಯ್ತಲ್ಲೇ. ಸರಿಹೋಗ್ದಿದ್ರೆ ಯಾರ ಹತ್ರ ಹೇಳ್ಲಿ?”

“ಮತ್ತೆ ಭಯ ಆಗೋ ಹಾಗೆ ಬರೀಬೇಕಿತ್ತಾ ಅಕ್ಕ?”

“ಭಯ ಆಗ್ಲೇ ಆಗಿದೆ ಕಣೇ, ನೀನೇನೂ ಹೊಸದಾಗಿ ಕೊಡ್ಬೇಕಾಗಿಲ್ಲ. ಬಾಯೆಲ್ಲ ಹುಣ್ಣು, ಗಂಜಿ ಇಳೀತಿಲ್ಲ. ಗಂಜಿ ಕುಡಿಯೋಕೆ ಅಳೋ ಹುಲೀನ ಎಲ್ಲಾದ್ರೂ ನೋಡಿದೀಯಾ? ನಾಲ್ಕು ಪುಟ ಬರ್ದಿದೀಯ, ನಿಮ್ಮ ಬೋರ್‌ವೆಲ್ ಮೋಟರಿನ ಜಗಳ ಏನಾಯ್ತು ಅಂತ ಒಂದು ಸಾಲಿಲ್ಲ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ತಂಗಿ ಮೋಟರಿನ ಕಥೆ ಶುರುಮಾಡಿದರು.

ಇಲ್ಲಿ ನನ್ನ ನಿಲುವು ಗಟ್ಟಿ. ಧೈರ್ಯವಿದ್ದರೆ ಗುಣವಾಗುತ್ತದೆ ಎಂದು ಬರೆದರೆ, ಕಾಯಿಲೆ ಮರುಕಳಿಸಿದ ದಿನ ಅದು ರೋಗಿಯ ಧೈರ್ಯದ ಕೊರತೆ ಎಂದಾಗುತ್ತದೆ. ಮುಂದೇನಾಗುತ್ತದೆ ಎಂಬುದು ಕಾಯಿಲೆಯ ಹಂತ, ಗಡ್ಡೆಯ ಹಾರ್ಮೋನ್ ಮತ್ತು ಹರ್-2 (ಕ್ಯಾನ್ಸರ್ ಕೋಶಗಳ ಮೇಲಿನ ಒಂದು ಪ್ರೋಟೀನ್) ಪರೀಕ್ಷೆಯ ಫಲಿತಾಂಶ, ಹೊತ್ತಿಗೆ ಸರಿಯಾಗಿ ಸಿಕ್ಕ ಚಿಕಿತ್ಸೆ, ಇಂಥವನ್ನು ನೆಚ್ಚಿಕೊಂಡಿದೆ. ‘ಇದ್ದ ಭರವಸೆಯನ್ನೂ ಕಿತ್ತುಕೊಳ್ಳುತ್ತೀರಿ’ ಎಂದು ಆಕ್ಷೇಪಿಸುವವರಿದ್ದಾರೆ. ಭವಿಷ್ಯ ನುಡಿಯುವುದನ್ನು ಬಿಡಿ ಎಂದೆನೇ ಹೊರತು ಭರವಸೆ ಬಿಡಿ ಎಂದಿಲ್ಲ. ‘ಬರೋ ಬುಧವಾರ ರಕ್ತಪರೀಕ್ಷೆಗೆ ನಾನು ಜೊತೆಗೆ ಬರ್ತೀನಿ, ತಿಂಡಿ ನಾನೇ ತರ್ತೀನಿ’ ಎಂಬ ಸಾಲಿನಲ್ಲಿರುವ ಭರವಸೆ ಬುಧವಾರವೇ ನಿಜವಾಗುತ್ತದೆ. ‘ಏನಾದ್ರೂ ಬೇಕಿದ್ರೆ ಹೇಳು’ ಎಂದರೆ ಕೇಳುವ ಕೆಲಸವೂ ಅವರ ತಲೆಗೇ.

ತಂಗಿಗೆ ಹೇಳಿದ್ದು ಇಷ್ಟು. ಒಂದೇ ಪುಟ, ಹತ್ತು ಹನ್ನೆರಡು ಸಾಲು, ದಪ್ಪ ಅಕ್ಷರ. ಕೀಮೊ ವೇಳೆ ಮನಸ್ಸು ಮಂಕಾಗಿ ಉದ್ದದ ಓದು ತಲೆಗೆ ಹೋಗದಿರಬಹುದು. ಪ್ಯಾಕ್ಲಿಟ್ಯಾಕ್ಸೆಲ್ ಶುರುವಾದ ಮೇಲೆ ಬೆರಳು ಜೋಮು ಹಿಡಿದು ಪೆನ್ನು ಹಿಡಿಯುವುದೇ ಕಷ್ಟವಾಗಬಹುದು, ಆದ್ದರಿಂದ ‘ಉತ್ತರ ಬರೀಬೇಡ’ ಎಂದು ಕೊನೆಗೆ ಸೇರಿಸಬೇಕು. ಪೋಸ್ಟ್‌ಕಾರ್ಡ್ ಬೇಡ, ಅಂಚೆಯವರಿಂದ ಅತ್ತೆಯವರೆಗೆ ಎಲ್ಲರೂ ಓದುತ್ತಾರೆ. ಇನ್ಲ್ಯಾಂಡ್ ಲೆಟರ್ ಸಾಕು, ಆದರೆ ಅದರೊಳಗೆ ಫೋಟೊ, ಕುಂಕುಮ ಏನೂ ಇಡುವಂತಿಲ್ಲ, ಇಡಬೇಕೆಂದರೆ ಲಕೋಟೆ. ಕೀಮೊ ಆದ ಮೊದಲ ನಾಲ್ಕೈದು ದಿನ ಹೆಚ್ಚಾಗಿ ವಾಕರಿಕೆಯಲ್ಲೇ ಕಳೆಯುತ್ತದೆ, ಒಂದರಿಂದ ಎರಡು ವಾರದ ನಡುವೆ ಬಿಳಿ ರಕ್ತಕಣ ಇಳಿಯುತ್ತದೆ. ಮೂರನೆಯ ವಾರ ಕೈಸೇರುವಂತೆ ಅಂಚೆಗೆ ಹಾಕಿದರೆ ಓದುವ ಮನಸ್ಸು ಇರುತ್ತದೆ. ಅರಿಶಿನದ ಹಾಲು, ಪಪ್ಪಾಯಿ ಎಲೆಯ ರಸದ ಸಲಹೆ ಕಾಗದದಲ್ಲಿ ಬೇಡವೇ ಬೇಡ.

ಗುರುತಿಲ್ಲದವರಿಗೆ ಬರೆಯುವುದು ಇನ್ನೂ ಸೂಕ್ಷ್ಮ. ‘ಬೇಗ ಗುಣಮುಖರಾಗಿ’ ಎಂಬ ಸಾಲು ಮೂಳೆಗೋ ಯಕೃತ್ತಿಗೋ ಹರಡಿದ ಕಾಯಿಲೆಯವರ ಕೈ ಸೇರಬಹುದು. ಅವರ ಚಿಕಿತ್ಸೆ ಸಾಮಾನ್ಯವಾಗಿ ಕಾಯಿಲೆಯನ್ನು ಹತೋಟಿಯಲ್ಲಿಡಲು, ಮುಗಿಯುವಂಥದ್ದಲ್ಲ. ‘ನಮ್ಮಜ್ಜಿಗೂ ಇದೇ ಇತ್ತು, ತೀರಿಕೊಂಡರು, ಆದರೆ ನೀವು ಹೆದರಬೇಡಿ’ ಎಂದು ಮಕ್ಕಳು ಮುಗ್ಧವಾಗಿ ಬರೆಯುವುದುಂಟು. ಹಾಗಾಗಿ ಲಕೋಟೆ ಅಂಟಿಸದೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಕೈಗೆ ಕೊಡಿ, ಅವರು ಮೊದಲು ಓದಲಿ. ಮಕ್ಕಳ ವಿಳಾಸ, ಫೋನ್ ನಂಬರ್ ಬೇಡ. ತಮ್ಮ ಊರಿನ ಮಳೆ, ಸಾಕಿದ ಬೆಕ್ಕು, ಹಾಸ್ಟೆಲ್ಲಿನ ಸಾರು, ಇವನ್ನು ಬರೆಯಲು ಹೇಳಿ.

ಇನ್ನೊಂದು ಮಾತು ತಂಗಿ ತಾವಾಗಿಯೇ ಕೇಳಿದರು: ಎಲ್ಲಿಯವರೆಗೆ ಬರೀಬೇಕು? ರೇಡಿಯೇಷನ್ ಮುಗಿದ ಕೂಡಲೇ ಕಾಗದ, ಫೋನ್ ಎಲ್ಲ ನಿಂತುಹೋಗುತ್ತವೆ. ಅಕ್ಕನಿಗೆ ಹಾರ್ಮೋನ್ ಮಾತ್ರೆಯೂ ಇದೆ, ಅದು ಐದರಿಂದ ಹತ್ತು ವರ್ಷ ನುಂಗುವಂಥದ್ದು. ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಬೇರೆ, ಆ ವಾರ ನಿದ್ದೆ ಬರುವುದಿಲ್ಲ. ತಂಗಿ ಪರ್ಸಿನಿಂದ ಪುಟ್ಟ ಕ್ಯಾಲೆಂಡರ್ ತೆಗೆದು, ತಾರೀಕು ಎಷ್ಟೆಂದು ಅಕ್ಕನನ್ನೇ ಕೇಳಿ ಬರೆದುಕೊಂಡರು.