ಹಸಿ ಮಾಂಸ ತಿಂದರೂ ಬ್ರೂನೊನ ಮೈ ಏಕೆ ಮಿಂಚುತ್ತಿಲ್ಲ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮ ಕಪ್ಪು ಲ್ಯಾಬ್ರಡಾರ್ ಬ್ರೂನೊಗೆ ಮೂರು ವರ್ಷ. ಮೊದಲು ಮೊಸರನ್ನ, ಬೇಯಿಸಿದ ಮೊಟ್ಟೆ ಹಾಕುತ್ತಿದ್ದೆವು. ಮಗ ಯೂಟ್ಯೂಬ್ ನೋಡಿ ಐದು ತಿಂಗಳಿಂದ ಹಸಿ ಮಾಂಸಕ್ಕೆ ಬದಲಿಸಿದ್ದಾನೆ. ದಿನಕ್ಕೆ 700 ಗ್ರಾಂ ಬೋನ್‌ಲೆಸ್ ಕೋಳಿ ಎದೆಮಾಂಸ (ಚರ್ಮ ತೆಗೆದದ್ದು), ಒಂದು ಹಸಿ ಮೊಟ್ಟೆ, ಎರಡು ಚಮಚ ಕೊಬ್ಬರಿ ಎಣ್ಣೆ. ‘ಹಸಿ ಮಾಂಸ ತಿಂದರೆ ಮೈ ಕನ್ನಡಿ ಆಗತ್ತೆ’ ಅಂದಿದ್ದ. ಆದರೆ ಕೂದಲು ಒರಟಾಗಿ, ಅಲ್ಲಲ್ಲಿ ಕೆಂಚಾಗಿ, ಬೆನ್ನ ಮೇಲೆ ಹೊಟ್ಟು ಕಾಣುತ್ತಿದೆ. ತೂಕ 31 ಕೆ.ಜಿ. ಇದ್ದದ್ದು 28ಕ್ಕೆ ಇಳಿದಿದೆ. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳೂ ಇದ್ದಾಳೆ. ಏನು ಮಾಡಲಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ಒಂದು ಕೆಲಸ ಮಾಡಿ. ಬ್ರೂನೊನನ್ನು ಬಿಳಿ ಬೆಡ್‌ಶೀಟಿನ ಮೇಲೆ ನಿಲ್ಲಿಸಿ, ಬಾಲದ ಬುಡದಿಂದ ಕುತ್ತಿಗೆ ಕಡೆಗೆ ಕೂದಲನ್ನು ಎದುರು ಬಾಚಿ. ಉದುರಿದ ಪುಡಿಯಲ್ಲಿ ಕರಿಯ ಕಣಗಳಿದ್ದರೆ ಒದ್ದೆ ಹತ್ತಿಯಿಂದ ಒತ್ತಿ ನೋಡಿ. ಹತ್ತಿ ಕೆಂಪಾದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಚಿಗಟ ಕುಡಿದ ರಕ್ತವೇ ಹಾಗೆ ಬಣ್ಣ ಬಿಡುತ್ತದೆ. ಆಗ ಚಿಗಟಕ್ಕೆ ಔಷಧಿ ಮೊದಲು, ಊಟದ ಲೆಕ್ಕ ಆಮೇಲೆ. ಬರೀ ಬಿಳಿ ಹೊಟ್ಟು ಉದುರಿದರೆ ಮುಂದೆ ಓದಿ.

ನೀವು ಬರೆದ ಪಟ್ಟಿ ನೋಡಿದರೆ ತಪ್ಪಿರುವುದು ಮಾಂಸ ಹಸಿಯಾಗಿದ್ದದ್ದರಲ್ಲಿ ಅಲ್ಲ, ಬರೀ ಎದೆಮಾಂಸ ಹಾಕಿದ್ದರಲ್ಲಿ. ಮೈತೂಕದ ಶೇ 2ರಿಂದ 3ರಷ್ಟು ಮಾಂಸ ಎಂಬ ಲೆಕ್ಕ ಹಿಡಿದು ಮಗ 700 ಗ್ರಾಂ ತೂಗಿರಬೇಕು. ಆ ಲೆಕ್ಕ ಕೊಬ್ಬು, ಮೂಳೆ, ಲಿವರ್ ಎಲ್ಲ ಸೇರಿದ ಮಾಂಸಕ್ಕೆ. ಚರ್ಮ ಸುಲಿದ ಎದೆಮಾಂಸ ಜಿಮ್‌ಗೆ ಹೋಗುವವರ ಊಟ! 700 ಗ್ರಾಂನಿಂದ ಸಿಗುವುದು ಸುಮಾರು 800 ಕ್ಯಾಲರಿ. ಮೊಟ್ಟೆ, ಎಣ್ಣೆ ಸೇರಿದರೂ ಸಾವಿರ ದಾಟುವುದು ಕಷ್ಟ. ಅವನಿಗೆ ಬೇಕಿರುವುದು 1,200ರ ಆಸುಪಾಸು. ಮೂರು ಕೆ.ಜಿ. ಇಳಿದದ್ದು ಅದಕ್ಕೇ. ಹೊಟ್ಟೆಗೆ ಸಾಲದಿದ್ದಾಗ ದೇಹ ಮೊದಲು ಕೈಬಿಡುವುದು ಕೂದಲನ್ನು.

ಇನ್ನು ಎಣ್ಣೆ. ಚರ್ಮದ ತೇವ ಹಿಡಿದಿಡುವುದು ಲಿನೋಲಿಕ್ ಆಮ್ಲ ಎಂಬ ಕೊಬ್ಬಿನಂಶ. ಕೊಬ್ಬರಿ ಎಣ್ಣೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ಕಡೆ ಗಾಣದಲ್ಲಿ ಸಿಗುವ ಕುಸುಬೆ ಎಣ್ಣೆಯಲ್ಲಿ ಮುಕ್ಕಾಲು ಪಾಲಿನಷ್ಟು ಅದೇ ಇರುತ್ತದೆ. ಕೊಬ್ಬರಿ ಎಣ್ಣೆ ಬಿಟ್ಟು ದಿನಕ್ಕೊಂದು ಟೀ ಚಮಚ ಕುಸುಬೆ ಎಣ್ಣೆ ಹಾಕಿ. ಅಗಸೆ ಹಾಕಬಹುದಾ ಎಂದು ಬಹಳ ಜನ ಕೇಳುತ್ತಾರೆ. ಕೆಡುಕಿಲ್ಲ, ಆದರೆ ಅಗಸೆಯ ಒಮೆಗಾ-3 ಎಂಬ ಕೊಬ್ಬಿನಂಶವನ್ನು ಚರ್ಮಕ್ಕೆ ಬೇಕಾದ ರೂಪಕ್ಕೆ ತರುವುದರಲ್ಲಿ ನಾಯಿಯ ದೇಹ ಚುರುಕಲ್ಲ. ಅದಕ್ಕಿಂತ ವಾರಕ್ಕೆರಡು ಸಲ ಕಾರವಾರದ ಕಡೆಯಿಂದ ಬರುವ ಬೂತಾಯಿಯೋ ಬಂಗುಡೆಯೋ ತಂದು, ಬೇಯಿಸಿ, ಮುಳ್ಳು ತೆಗೆದು 100 ಗ್ರಾಂ ಕೊಡಿ. ಹಸಿ ಮೀನು ಬೇಡ. ಕೆಲವು ಮೀನುಗಳಲ್ಲಿ ಬಿ1 ಜೀವಸತ್ವ ನಾಶಮಾಡುವ ಕಿಣ್ವವಿದೆ. ಮೀನೆಣ್ಣೆ ಎಂದು ಕಾಡ್ ಲಿವರ್ ಮಾತ್ರೆ ತರಬೇಡಿ. ಅದರಲ್ಲಿ ಎ, ಡಿ ಜೀವಸತ್ವಗಳಿವೆ. ನಾನು ಮುಂದೆ ಹೇಳುವ ಲಿವರ್ ಜೊತೆ ಸೇರಿದರೆ ವಿಪರೀತವಾಗುತ್ತದೆ.

ಕೂದಲು ಕೆಂಚಾಗಿರುವುದು ನನಗೆ ಹೆಚ್ಚು ಮುಖ್ಯವಾಗಿ ಕಂಡಿತು. ಬಿಸಿಲಿಗೂ ಹಾಗಾಗುತ್ತದೆ, ಆದರೆ ತಾಮ್ರದ ಕೊರತೆಯಲ್ಲೂ ಕಪ್ಪು ಮಾಸುತ್ತದೆ. ಎದೆಮಾಂಸದಲ್ಲಿ ತಾಮ್ರ ಅತ್ಯಲ್ಪ. ಸತುವೂ (ಜಿಂಕ್) ಅಷ್ಟೇ: ಅವನಿಗೆ ದಿನಕ್ಕೆ 18 ಮಿಲಿಗ್ರಾಂನಷ್ಟು ಬೇಕು, 700 ಗ್ರಾಂನಿಂದ ಸಿಗುವುದು ಐದಾರು. ಸತು ಕಡಿಮೆಯಾದರೆ ಹೊಟ್ಟು, ಕಣ್ಣು-ಬಾಯಿಯ ಸುತ್ತ ಹಕ್ಕಳೆ. ತಾಮ್ರಕ್ಕೆ ಕುರಿ ಲಿವರ್ ವಾರಕ್ಕೆ 200 ಗ್ರಾಂ, ಎರಡು ಮೂರು ಸಲವಾಗಿ ಹಂಚಿ ಕೊಡಿ. ಕೋಳಿ ಲಿವರಿನಲ್ಲಿ ತಾಮ್ರ ಅಷ್ಟಿಲ್ಲ. ಸತುವಿಗೆ ನಾಯಿಗೆಂದೇ ಇರುವ ಖನಿಜದ ಪುಡಿಯನ್ನು ನಿಮ್ಮ ಪಶುವೈದ್ಯರಿಂದ ಬರೆಸಿಕೊಳ್ಳಿ, ಪ್ರಮಾಣವನ್ನು ನೀವೇ ಊಹಿಸಬೇಡಿ.

ಕುರಿ ಲಿವರನ್ನು ಮಾತ್ರ ದಯವಿಟ್ಟು ಹಸಿ ಹಾಕಬೇಡಿ. ಕುರಿಯ ಲಿವರ್, ಶ್ವಾಸಕೋಶದಲ್ಲಿ ನೀರುಗುಳ್ಳೆಯಂತೆ ಇರುವ ಒಂದು ಲಾಡಿಹುಳುವಿನ ಮರಿ ನಾಯಿಯ ಕರುಳಿನಲ್ಲಿ ಬೆಳೆದು, ಅದರ ಮೊಟ್ಟೆ ನಾಯಿಯ ಮಲದ ಮೂಲಕ ಮನುಷ್ಯರ ಹೊಟ್ಟೆ ಸೇರುತ್ತದೆ. ಆಮೇಲೆ ನಮ್ಮ ಲಿವರಿನಲ್ಲೇ ಗುಳ್ಳೆ. ಚೆನ್ನಾಗಿ ಬೇಯಿಸಿದರೆ ಆ ಮಾತೇ ಇಲ್ಲ.

ಮೊಮ್ಮಗಳ ವಿಷಯ ಬರೆದಿದ್ದೀರಿ, ಅದಕ್ಕೇ ನೇರವಾಗಿ ಹೇಳುತ್ತೇನೆ: ನಾನಾಗಿದ್ದರೆ ಕೋಳಿಯನ್ನೂ ಬೇಯಿಸುತ್ತಿದ್ದೆ. ಹಸಿ ಕೋಳಿಯಲ್ಲಿರುವ ಸಾಲ್ಮೊನೆಲ್ಲಾ ಎಂಬ ರೋಗಾಣು ಫ್ರೀಜರಿನಲ್ಲಿ ಸಾಯುವುದಿಲ್ಲ. ಹಸಿ ಮಾಂಸ ನೆಕ್ಕಿದ ಬಾಯಿಂದಲೇ ಬ್ರೂನೊ ಮಗುವಿನ ಕೈ ನೆಕ್ಕುತ್ತಾನೆ. ಬೇಯಿಸಿದರೆ ಕೂದಲಿಗೆ ಬೇಕಾದ ಪ್ರೋಟೀನ್, ಸತು, ತಾಮ್ರ ಎಲ್ಲಿಗೂ ಹೋಗುವುದಿಲ್ಲ, ಬೆಂದ ನೀರನ್ನೂ ಊಟಕ್ಕೇ ಸುರಿಯಿರಿ. ಹಸಿ ಮೊಟ್ಟೆಯ ಬಿಳಿಭಾಗ ಬಯೋಟಿನ್ ಎಂಬ ಜೀವಸತ್ವ ಹೀರಿಕೊಳ್ಳಲು ಅಡ್ಡಿ ಮಾಡುತ್ತದೆ. ಬೇಯಿಸಿದರೆ ಅದೂ ತಪ್ಪುತ್ತದೆ.

ಎದೆಮಾಂಸದ ಅರ್ಧದಷ್ಟನ್ನು ಚರ್ಮ ಸಹಿತ ತೊಡೆಮಾಂಸಕ್ಕೆ ಬದಲಿಸಿ. ಒಂದೇ ದಿನಕ್ಕೆ ಬೇಡ, ಹತ್ತು ದಿನ ತೆಗೆದುಕೊಳ್ಳಿ. ದಿಢೀರನೆ ಕೊಬ್ಬು ಹೆಚ್ಚಿದರೆ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ ಶುರುವಾಗಬಹುದು. ಬೆಂದ ಮೂಳೆ ಸೀಳಿ ಚೂಪಾಗುತ್ತದೆ, ಅದನ್ನು ಕೊಡಲೇಬೇಡಿ. ಸುಣ್ಣದಂಶಕ್ಕೆ (ಕ್ಯಾಲ್ಸಿಯಂ) ಮೊಟ್ಟೆಯ ಚಿಪ್ಪು ಸಾಕು: ತೊಳೆದು, ಹುರಿದು, ಮಿಕ್ಸಿಯಲ್ಲಿ ರಂಗೋಲಿ ಪುಡಿಯಷ್ಟು ನುಣ್ಣಗೆ ಮಾಡಿ ದಿನಕ್ಕೆ ಒಂದು ಟೀ ಚಮಚ ಸಮಮಟ್ಟ. ಹೆಚ್ಚು ಹಾಕಿದರೆ ಸತು ಮೈಗೆ ಹತ್ತುವುದಿಲ್ಲ.

ಮಗ ಅನ್ನ ಬೇಡವೆಂದರೆ ಇದನ್ನು ಹೇಳಿ: ತೋಳಕ್ಕಿಂತ ನಾಯಿಯಲ್ಲಿ ಪಿಷ್ಟ ಜೀರ್ಣಿಸುವ ಜೀನ್‌ನ ಪ್ರತಿಗಳು ಹೆಚ್ಚಿವೆ ಎಂದು ಸ್ವೀಡನ್ನಿನ ಸಂಶೋಧಕರು 2013ರಲ್ಲೇ ತೋರಿಸಿದ್ದಾರೆ. ನಿಮ್ಮ ಹಳೆಯ ಮೊಸರನ್ನವನ್ನು ಸ್ವಲ್ಪ ಪ್ರಮಾಣದಲ್ಲಿ ಮತ್ತೆ ತನ್ನಿ, ಕ್ಯಾಲರಿ ತುಂಬುತ್ತದೆ.

ಹೊಸ ಕೂದಲು ಬರಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಿಮ್ಮ ಶಾಂಪೂ ಅವನಿಗೆ ಹಚ್ಚಬೇಡಿ. ಈ ನಡುವೆ ತೂಕ ಇಳಿಯುತ್ತಲೇ ಇದ್ದರೆ, ತುರಿಕೆ ಹೆಚ್ಚಿದರೆ ಅಥವಾ ಎರಡೂ ಪಕ್ಕೆಗಳಲ್ಲಿ ಸಮವಾಗಿ ಕೂದಲು ಉದುರಿ ಬಾಲ ಬೋಳಾಗುತ್ತಾ ಬಂದರೆ ಕಾಯಬೇಡಿ. ಚರ್ಮ ಕೆರೆದು ಹುಳು ನೋಡುವ ಪರೀಕ್ಷೆ, ಥೈರಾಯ್ಡ್ ಮತ್ತು ಉಣ್ಣೆಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ.