ಉ: ಪುನರ್ವಸತಿ ವೈದ್ಯರಿಗೆ ಲೋಕಲ್ ಅನಸ್ತೇಷಿಯಾ ವಿಷಬಾಧೆಯ ಪಾಠ

ಪುನರ್ವಸತಿ ವಿಭಾಗದ ವೈದ್ಯರಿಗೆ ಲೋಕಲ್ ಅನಸ್ತೇಷಿಯಾ ವಿಷಬಾಧೆ (ಮರಗಟ್ಟಿಸುವ ಔಷಧಿ ರಕ್ತದಲ್ಲಿ ಹೆಚ್ಚಾಗಿ ವಿಷವಾಗುವುದು) ಕಲಿಸಲು ಒಂದೇ ಗಂಟೆ ಇದೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಲೆಕ್ಕದಿಂದ ಶುರು ಮಾಡಿ. ಮರಗಟ್ಟಿಸುವ ಔಷಧಿ ಲಿಡೊಕೇನ್ 2% ಅಂದ್ರೆ ಒಂದು ಎಂಎಲ್‌ಗೆ 20 ಮಿಲಿಗ್ರಾಂ. ಅಡ್ರಿನಾಲಿನ್ ಬೆರೆಸದಿದ್ದರೆ ಮಿತಿ ಸಾಮಾನ್ಯವಾಗಿ ಕೆಜಿಗೆ 4.5 ಮಿಲಿಗ್ರಾಂ. 50 ಕೆಜಿ ತೂಕದವರಿಗೆ 225 ಮಿಲಿಗ್ರಾಂ, ಅಂದ್ರೆ ಸುಮಾರು 11 ಎಂಎಲ್ ಅಷ್ಟೇ! ನಾಲ್ಕೈದು ಟ್ರಿಗರ್ ಪಾಯಿಂಟ್‌ಗೆ (ಸ್ನಾಯುವಿನ ನೋವಿನ ಗಂಟಿಗೆ) ಸ್ವಲ್ಪ ಸ್ವಲ್ಪ ಕೊಡುತ್ತಾ ಹೋದರೂ ಎಲ್ಲ ಒಂದೇ ಲೆಕ್ಕಕ್ಕೆ ಸೇರುತ್ತದೆ. ಸಿರಿಂಜ್ ಕೈಗೆ ಕೊಟ್ಟು ಅವರಿಂದಲೇ ಲೆಕ್ಕ ಮಾಡಿಸಿ.

ಇನ್ನು ವಿಷಬಾಧೆಯ ಲಕ್ಷಣಗಳು: ಬಾಯಿಯ ಸುತ್ತ ಮರಗಟ್ಟುವುದು, ಲೋಹದ ರುಚಿ, ಕಿವಿಯಲ್ಲಿ ಗುಂಯ್‌ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಪಾರ್ಶ್ವವಾಯುವಿನಿಂದ ಮಾತು ಹೋದವರು ಇದನ್ನು ಹೇಳೋದು ಹೇಗೆ? ನನಗೆ ಜಾಸ್ತಿ ಚಿಂತೆ ಇರೋದು ಇಲ್ಲೇ. ಇದ್ದಕ್ಕಿದ್ದಂತೆ ಚಡಪಡಿಸುವುದು, ಮಂಕಾಗುವುದು ಕಂಡರೆ ಸೂಜಿ ನಿಲ್ಲಿಸಬೇಕು. ಕೈಕಾಲು ಅದುರಿದರೆ ಸುಮ್ನೆ ಸ್ಪಾಸ್ಟಿಸಿಟಿ (ಸ್ನಾಯುಗಳ ಬಿಗಿತ) ಅಂದುಕೊಳ್ಳಬಾರದು, ಅದು ಫಿಟ್ಸ್ ಕೂಡ ಇರಬಹುದು.

ಕೊನೆಯ 20 ನಿಮಿಷ ಅಣಕು ಅಭ್ಯಾಸಕ್ಕೆ ಇಡಿ. ಯಾರು ಸಹಾಯಕ್ಕೆ ಕರೆಯುತ್ತಾರೆ, ಯಾರು ಆಮ್ಲಜನಕ ಕೊಡುತ್ತಾರೆ, 20% ಲಿಪಿಡ್ ಎಮಲ್ಷನ್ (ಈ ವಿಷಬಾಧೆಗೆ ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರಾವಣ) ಯಾವ ಕಪಾಟಿನಲ್ಲಿದೆ? ಎದ್ದು ಹೋಗಿ ತರಲಿ. 70 ಕೆಜಿಗಿಂತ ಕಡಿಮೆ ತೂಕದವರಿಗೆ ಇದರ ಮೊದಲ ಡೋಸ್ ಕೆಜಿಗೆ 1.5 ಎಂಎಲ್, 2-3 ನಿಮಿಷದಲ್ಲಿ. ಅರಿವಳಿಕೆಯ ಔಷಧಿ ಪ್ರೊಪೊಫಾಲ್ ಕೂಡ ಬೆಳ್ಳಗೇ ಇರುತ್ತದೆ ಅಲ್ವಾ, ಆದರೆ ಅದು ಇದಕ್ಕೆ ಬದಲಿ ಅಲ್ಲ. ಹೃದಯ ನಿಂತರೂ ಅಡ್ರಿನಾಲಿನ್ ಸಣ್ಣ ಡೋಸ್‌ನಲ್ಲೇ ಕೊಡಬೇಕು, ಒಂದು ಸಲಕ್ಕೆ ಕೆಜಿಗೆ 1 ಮೈಕ್ರೊಗ್ರಾಂ ದಾಟದಂತೆ. ಇದನ್ನು ಎರಡು ಸಲ ಹೇಳಿ.