ಜೈಲಿಂದ ಬಂದವರಿಗೆ ಫೆಲೋಶಿಪ್ ಕೊಡಗಿನಲ್ಲಿ ಸಿಗುತ್ತಾ?

ನಿಮ್ಮ ಪ್ರಶ್ನೆ ಇಷ್ಟು, ಅಲ್ವಾ? ಅಣ್ಣ ಮೂರೂವರೆ ವರ್ಷದ ಶಿಕ್ಷೆ ಮುಗಿಸಿ ಹೋದ ತಿಂಗಳು ಬಂದಿದ್ದಾನೆ. ಸಿದ್ದಾಪುರದ ಹತ್ತಿರ ಮನೆ. ಗೇಟು ದಾಟುತ್ತಿಲ್ಲ. ಅಮೆರಿಕದಲ್ಲಿ ಇಂಥವರಿಗೆ ಫೆಲೋಶಿಪ್, ಅಂದರೆ ಆರಿಸಿ ತರಬೇತಿ, ಆಸರೆ ಕೊಡುವ ಅವಕಾಶ ಇದೆಯಂತೆ, ನಮ್ಮ ಕಡೆ ಏನಾದರೂ ಇದೆಯಾ?

ಆ ಹೆಸರಿನಲ್ಲಿ ಅರ್ಜಿ ಹಾಕುವಂಥದ್ದು ನಮ್ಮ ಜಿಲ್ಲೆಯಲ್ಲಿ ನಾನಂತೂ ಕಂಡಿಲ್ಲ. ಹುಡುಕದೆ ಹೇಳುತ್ತಿಲ್ಲ. ನಾನೂ ಒಳಗಿದ್ದು ಬಂದವನೇ. 2018ರ ಶುರುವಿನಲ್ಲಿ ಹೊರಗೆ ಬಂದೆ. ಕೇಸ್ ಏನು ಅಂತ ಇಲ್ಲಿ ಬರೆಯಲ್ಲ. ತಪ್ಪು ನನ್ನದೇ.

ಅಲ್ಲಿ ಅವರು ಏನು ಮಾಡುತ್ತಾರೆ ಅಂತ ಸ್ವಲ್ಪ ನೋಡೋಣ. ಜಸ್ಟ್‌ಲೀಡರ್‌ಶಿಪ್ ಯುಎಸ್‌ಎ ಅಂತ 2014ರಲ್ಲಿ ಶುರುವಾದ ಸಂಸ್ಥೆ ಇದೆ. ಕಟ್ಟಿದವರೇ ಆರು ವರ್ಷ ಜೈಲಲ್ಲಿದ್ದವರು. ಶಿಕ್ಷೆ ಮುಗಿಸಿದವರನ್ನೇ ಆರಿಸಿ, ತಮ್ಮ ಊರಲ್ಲಿ ಮುಂದೆ ನಿಂತು ಕೆಲಸ ಮಾಡಲು ತರಬೇತಿ ಕೊಡುತ್ತಾರೆ. ಲಾಸ್ ಏಂಜಲೀಸ್‌ನ ಹೋಮ್‌ಬಾಯ್ ಇಂಡಸ್ಟ್ರೀಸ್ ಇನ್ನೂ ಹಳೆಯದು, 1988ರದ್ದು. ಅಲ್ಲಿ ಬೇಕರಿ, ಹೋಟೆಲು ಅಂತ ಹದಿನೆಂಟು ತಿಂಗಳು ಸಂಬಳ ಕೊಟ್ಟು ಕಲಿಸುತ್ತಾರೆ. ಇಂಗ್ಲೆಂಡಿನಲ್ಲಿ ಟಿಂಪ್ಸನ್ ಅಂತ ಚಪ್ಪಲಿ ರಿಪೇರಿ, ಬೀಗದ ಕೈ ಮಾಡುವ ಅಂಗಡಿಗಳಿವೆ. ಅಲ್ಲಿ ಕೆಲಸ ಮಾಡುವ ಹತ್ತು ಜನರಲ್ಲಿ ಹೆಚ್ಚು ಕಮ್ಮಿ ಒಬ್ಬರು ಜೈಲಿಂದ ಬಂದವರು.

ಇದರಲ್ಲಿ ದುಡ್ಡು ಬೇಡ ಅಂತಲ್ಲ, ಬೇಕು. ಆದರೆ ನನಗೆ ಹೊಟ್ಟೆಕಿಚ್ಚು ಆಗುವುದು ಬೇರೆ ವಿಷಯಕ್ಕೆ. ‘ಈಗ ಏನು ಮಾಡ್ಕೊಂಡಿದ್ದೀಯಾ?’ ಅಂತ ಯಾರಾದರೂ ಕೇಳಿದರೆ ಆ ಹುಡುಗರ ಹತ್ತಿರ ಒಂದು ಉತ್ತರ ಇರುತ್ತದೆ. ಜೊತೆಗೆ ‘ಇವನು ನಮ್ಮವನು’ ಅನ್ನಲು ಒಬ್ಬರು ಇರುತ್ತಾರೆ. ಕೊಡಗಿನಲ್ಲಿ ಮೊದಲು ಕೇಳುವುದೇ ಯಾವ ಮನೆಯವನು ಅಂತ. ಹೆಸರು ಹೇಳಿದ ಕೂಡಲೇ ಕೇಸೂ ನೆನಪಾಗುತ್ತದೆ. ಬೆಂಗಳೂರಲ್ಲಾದರೆ ಗುಂಪಲ್ಲಿ ಕರಗಿಹೋಗಬಹುದು. ಇಲ್ಲಿ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯುತ್ತದೆ.

ನನಗೆ ಮೊದಲು ಸಿಕ್ಕಿದ್ದು ಮೆಣಸು ಕೊಯ್ಯುವ ಕೆಲಸ. ಸಿಲ್ವರ್ ಓಕ್ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ ಹತ್ತಬೇಕು. ಕಾಲು ಇಡಲು ಗೆಣ್ಣಿನ ಹತ್ತಿರ ಬಿಟ್ಟಿರುವ ಒಂದು ಗೇಣು ಕವಲು, ಅಷ್ಟೇ. ಮೇಲಿದ್ದವನ ಪ್ರಾಣ ಕೆಳಗೆ ಏಣಿ ಹಿಡಿದವನ ಕೈಯಲ್ಲಿ. ಮೊದಲ ವಾರ ನನ್ನ ಏಣಿ ಹಿಡಿಯಲು ಯಾರೂ ಬರಲಿಲ್ಲ. ಮೇಸ್ತ್ರಿಯೇ ಬೈದುಕೊಂಡು ಹಿಡಿದರು. ಅವರು ನನ್ನ ಬಗ್ಗೆ ಒಂದು ಒಳ್ಳೆ ಮಾತೂ ಆಡಿದವರಲ್ಲ. ‘ಇವನು ಬಿದ್ದರೆ ಸಾಹುಕಾರರಿಗೆ ಉತ್ತರ ಹೇಳೋನು ನಾನು’ ಅಂತ ಗೊಣಗುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು.

ಆಮೇಲೆ ಆಗಸ್ಟ್ ಬಂತು. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಿದ್ದು ನಿಮಗೂ ನೆನಪಿರುತ್ತದೆ. ಒಂದು ಗಂಜಿ ಕೇಂದ್ರದಲ್ಲಿ ಮುನ್ನೂರು ಜನ. ಪಾತ್ರೆ, ಅಕ್ಕಿ, ಸೌದೆ ಎಲ್ಲಾ ಇತ್ತು, ಅಳತೆ ಗೊತ್ತಿದ್ದವರು ಇರಲಿಲ್ಲ. ಬೆಳಿಗ್ಗೆ ಅನ್ನ ತಳ ಹಿಡಿದು ಮೇಲೆ ಅಕ್ಕಿ ಹಾಗೇ ಉಳಿದಿತ್ತು. ನಾನು ಎರಡು ವರ್ಷ ಜೈಲಿನ ಅಡಿಗೆಮನೆಯಲ್ಲಿ ಇದ್ದವನು. ತಲೆಗೆ 120 ಗ್ರಾಂ ಅಂದರೆ ಮುನ್ನೂರು ಜನಕ್ಕೆ 36 ಕೆಜಿ. ಒಂದೇ ಕೊಪ್ಪರಿಗೆಗೆ ಸುರಿಯಬಾರದು, ಮೂರು ಪಾಲು ಮಾಡಬೇಕು. ಸುಮ್ನೆ ಹೋಗಿ ಸೌಟು ತಗೊಂಡೆ. ಸಂಜೆ ಬಡಿಸುವಾಗ ಒಬ್ಬರು ಕೇಳಿದರು, ‘ಇಷ್ಟು ಜನಕ್ಕೆ ಮಾಡೋದು ಎಲ್ಲಿ ಕಲಿತೆ?’ ‘ಜೈಲಲ್ಲಿ’ ಅಂದೆ. ಸಾಲು ಒಂದು ಕ್ಷಣ ನಿಂತುಬಿಟ್ಟಿತು. ಹಿಂದಿದ್ದ ಅಜ್ಜಿ ತಟ್ಟೆ ಮುಂದೆ ಮಾಡಿ, ‘ಸಾರಿಗೆ ಉಪ್ಪು ಕಮ್ಮಿ’ ಅಂದರು.

ಅವತ್ತಿಂದ ಎಲ್ಲಾ ಸರಿಹೋಯಿತು ಅಂದುಕೊಳ್ಳಬೇಡಿ. ಅದೇ ಸಾಲಿನಲ್ಲಿ ಊಟ ಮಾಡಿದವರೊಬ್ಬರು ಆಮೇಲೆ ನನಗೆ ಬಾಡಿಗೆಗೆ ಮನೆ ಕೊಡಲಿಲ್ಲ. ಆದರೆ ಮದುವೆ ಅಡಿಗೆಗೆ ಕರೆಯಲು ಶುರು ಮಾಡಿದರು. ಈಗ ಅದೇ ನನ್ನ ಕಸುಬು. ಜೊತೆಗಿರುವ ನಾಲ್ವರಲ್ಲಿ ಇಬ್ಬರು ಒಳಗಿದ್ದು ಬಂದವರು.

ಅದಕ್ಕೇ ಅಣ್ಣನನ್ನು ‘ಒಳಗೆ ಏನು ಕಲಿತೆ?’ ಅಂತ ಕೇಳಿ. ಹೊಲಿಗೆ, ಬೇಕರಿ, ಮರಗೆಲಸ ಏನೇ ಇರಲಿ, ಕೈಗೆ ಒಂದು ಕೆಲಸ ಬಂದಿರುತ್ತದೆ. ದುಡಿದ ಕೂಲಿಯ ಲೆಕ್ಕ ತೀರಿದೆಯಾ ಅಂತಲೂ ನೋಡಿ. ಸ್ವಂತ ಕಸುಬು ಮಾಡುವ ಆಸೆ ಇದ್ದರೆ ರುಡ್‌ಸೆಟ್ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾಗಿದ್ದು, ಮೈಸೂರಲ್ಲೂ ಇದೆ. ತರಬೇತಿ, ಊಟ, ವಸತಿ ಎಲ್ಲಾ ಉಚಿತ. ಅದೇ ಮಾದರಿಯ ಆರ್‌ಸೆಟಿ ಅನ್ನುವ ತರಬೇತಿ ಕೇಂದ್ರಗಳು ಈಗ ದೇಶದ ತುಂಬಾ ಇವೆ. ತೋಟದ ಕಡೆ ಮನಸ್ಸಿದ್ದರೆ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಕೆಲಸದ ಅರ್ಜಿಯಲ್ಲಿ ಕೇಸ್ ಇದೆಯಾ ಅಂತ ಕೇಳಿದ್ದರೆ ಸುಳ್ಳು ಬರೆಸಬೇಡಿ. ಮುಚ್ಚಿಟ್ಟಿದ್ದು ಗೊತ್ತಾದರೆ ಅದೇ ಕಾರಣಕ್ಕೆ ತೆಗೆಯಬಹುದು. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯ ಬಿಡಿಸಿ ಹೇಳಿದೆ. ನಿಜ ಹೇಳಿದರೂ ಕೆಲಸ ಕೊಡಲೇಬೇಕು ಅಂತೇನಿಲ್ಲ, ಅದೂ ಅದೇ ತೀರ್ಪಿನಲ್ಲಿದೆ. ಗಲ್ಫ್ ಯೋಚನೆ ಇದ್ದರೆ ಮೊದಲು ವಕೀಲರನ್ನು ಕೇಳಿ. ನೈತಿಕ ಅಧಃಪತನದ (ಮೋಸ, ಕಳ್ಳತನದಂಥ) ಅಪರಾಧಕ್ಕೆ 2 ವರ್ಷ ಅಥವಾ ಜಾಸ್ತಿ ಶಿಕ್ಷೆಯಾಗಿದ್ದರೆ, ಶಿಕ್ಷೆಯಾದ 5 ವರ್ಷದೊಳಗೆ ಪಾಸ್‌ಪೋರ್ಟ್ ನಿರಾಕರಿಸಬಹುದು.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಜೈಲಿಗೆ ಹೋದವರೆಲ್ಲಾ ಶಿಕ್ಷೆಯಾದವರಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣೆಯಲ್ಲಿ ಇದ್ದವರು. ಖುಲಾಸೆ ಆಗಿದ್ದರೆ ತೀರ್ಪಿನ ದೃಢೀಕೃತ ಪ್ರತಿ ತೆಗೆಸಿ ಇಟ್ಟುಕೊಳ್ಳಿ. ಪ್ರೊಬೇಷನ್ ಮೇಲೆ, ಅಂದರೆ ಜೈಲಿಗೆ ಕಳಿಸದೆ ಒಳ್ಳೆ ನಡತೆಯ ಷರತ್ತಿನ ಮೇಲೆ ಬಿಟ್ಟಿದ್ದರೆ 1958ರ ಪ್ರೊಬೇಷನ್ ಕಾಯ್ದೆಯ 12ನೇ ಕಲಂ ಓದಿ. ಶಿಕ್ಷೆಯಿಂದ ಬರುವ ಅನರ್ಹತೆ ಅವರಿಗೆ ತಟ್ಟಬಾರದು ಅಂತ ಅದರಲ್ಲಿದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಮುಂಬೈಯಲ್ಲಿ ಟಿಸ್‌ನವರ (ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರ) ಪ್ರಯಾಸ್ ಅನ್ನುವ ಯೋಜನೆ 1990ರಿಂದ ಕೈದಿಗಳ ಜೊತೆ, ಬಿಡುಗಡೆಯಾದವರ ಜೊತೆ ಕೆಲಸ ಮಾಡುತ್ತಿದೆ. ಅಂಥದ್ದೊಂದು ಮಡಿಕೇರಿಯಲ್ಲಿ ಆಗಬೇಕು ಅಂತ ನನಗೆ ಆಸೆ. ಇನ್ನೊಂದು ವಿಷಯ ನೋಡಿ. ಕಾನೂನು ಸೇವಾ ಪ್ರಾಧಿಕಾರದವರು ಜೈಲಿನ ಒಳಗೇ ಓದು ಬಲ್ಲ, ನಡತೆ ಚೆನ್ನಾಗಿರುವ ಕೈದಿಗಳನ್ನು ಅರೆಕಾನೂನು ಸ್ವಯಂಸೇವಕರನ್ನಾಗಿ, ಅಂದರೆ ಬೇರೆ ಕೈದಿಗಳಿಗೆ ಕಾನೂನಿನ ನೆರವು ಸಿಗುವಂತೆ ಸಹಾಯ ಮಾಡುವವರನ್ನಾಗಿ ತಗೊಳ್ಳುತ್ತಾರೆ. ಒಳಗೆ ನಂಬಿಕೆ ಇಟ್ಟು ಕೊಟ್ಟ ಕೆಲಸವನ್ನು ಹೊರಗೆ ಬಂದ ಮೇಲೂ ಸ್ವಲ್ಪ ಸಂಬಳದ ಜೊತೆ ಮುಂದುವರಿಸಿದರೆ ಅದೇ ಫೆಲೋಶಿಪ್ ಅಲ್ವಾ?

ಅಣ್ಣ ಏನು ಕೆಲಸ ಬಲ್ಲ ಅಂತ ಇಲ್ಲೇ ಕೆಳಗೆ ಬರೆಯಿರಿ, ಹೆಸರು ಬೇಡ. ಈರುಳ್ಳಿ ಹೆಚ್ಚಲು ಬಂದರೂ ಸಾಕು, ಮದುವೆ ಸೀಸನ್‌ನಲ್ಲಿ ನನಗೆ ಯಾವಾಗಲೂ ಒಂದು ಕೈ ಕಮ್ಮಿಯೇ.